ಕಂಚಿಯ ಹಲ್ಲಿಗೆ ಎಷ್ಟು ಬೆರಳು?

ಆ ದಿನಗಳಲ್ಲಿ, ಅಂದರೆ ನಾವು ಕುರ್ಲಾದ ಚಾಳಿನ ಸಾಲುಕೋಣೆಯೊಂದರಲ್ಲಿದ್ದಾಗ, ಬಾಗಿಲು ಎಂದರೆ ಮಲಗುವ ಹೊತ್ತಿಗೆ ಮಾತ್ರ ಹಾಕುವ ವಸ್ತು. ಯಾರ ಮನೆಯಲ್ಲಿ ಬಂಗುಡೆ ಹುರಿಯುತ್ತಿದ್ದಾರೆ, ಯಾರ ಮನೆಯಲ್ಲಿ ಜಗಳ ಕಾವೇರುತ್ತಿದೆ ಎಂಬುದು ಮೂಗಿಗೂ ಕಿವಿಗೂ ತಾನಾಗಿ ತಿಳಿಯುತ್ತಿತ್ತು. ಕುಂಟಾಬಿಲ್ಲೆ ಆಡಲು ಯಾರನ್ನೂ ಕರೆಯಬೇಕಾಗಿರಲಿಲ್ಲ, ಕೋಣೆಗಳ ಮುಂದಿನ ಗ್ಯಾಲರಿಗೆ ಬಂದು ನಿಂತರೆ ಸಾಕಿತ್ತು. ಆಮೇಲೆ ರಸ್ತೆ ಅಗಲ ಮಾಡಲು ಚಾಳನ್ನು ಕೆಡವಿದರು. ಅಪ್ಪ ಮ್ಯಾನೇಜರಾಗಿದ್ದ ಹೋಟೆಲಿನ ಧಣಿಗಳು ಪವಾಯಿಯಲ್ಲಿ ಖಾಲಿ ಬಿದ್ದಿದ್ದ ತಮ್ಮ ಫ್ಲ್ಯಾಟನ್ನು ನಮಗೆ ಇರಲು ಕೊಟ್ಟರು. ಒಂಬತ್ತನೇ ಮಹಡಿ, ಕಿಟಕಿ ತೆರೆದರೆ ಕೆರೆ. ನೆಂಟರೆಲ್ಲ ನಮ್ಮ ಅದೃಷ್ಟವನ್ನು ಹೊಗಳಿದ್ದೇ ಹೊಗಳಿದ್ದು.

ನನಗೆ ಆಗ ಹತ್ತು ವರ್ಷ. ಒಬ್ಬಳೇ ಮಗಳು. ಅದೃಷ್ಟ ಅಂದರೆ ಇಷ್ಟು ಸದ್ದಿಲ್ಲದ್ದು ಎಂದು ನನಗೆ ಗೊತ್ತಿರಲಿಲ್ಲ. ಎದುರು ಮನೆಯವರ ಮುಖ ನೋಡಿದ್ದು ಲಿಫ್ಟಿನಲ್ಲಿ ಮಾತ್ರ, ಅಲ್ಲಿಯೂ ಅವರು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ಶಾಲೆಯಿಂದ ಬಂದರೆ ನಾನು, ಅಮ್ಮ, ಮಳೆ. ಅಷ್ಟೆ.

ಆ ಮಳೆಗಾಲದಲ್ಲಿ ನನಗೆ ಜೊತೆಯಾದದ್ದು ಒಂದು ಪುಸ್ತಕ. ಅಪ್ಪ ರದ್ದಿ ಅಂಗಡಿಯಿಂದ ತಂದದ್ದು, ಇಂಗ್ಲಿಷಿನದು, ತುಂಬ ಸಲಮಾಂಡರ್‌ಗಳ ಚಿತ್ರ. ನೋಡಲು ಹಲ್ಲಿಯ ಹಾಗೆ, ಆದರೆ ಹಲ್ಲಿಯಲ್ಲ, ಕಪ್ಪೆಯ ಬಳಗ. ಚರ್ಮ ಒದ್ದೆ, ಹುರುಪೆಯಿಲ್ಲ, ಉಗುರಿಲ್ಲ, ಮುಂಗಾಲಿಗೆ ಹೆಚ್ಚಾಗಿ ನಾಲ್ಕೇ ಬೆರಳು. ನಾನು ಅವುಗಳ ಮನೆತನಗಳನ್ನೆಲ್ಲ ಬಾಯಿಪಾಠ ಮಾಡಿದೆ. ಚೀನಾ, ಜಪಾನಿನ ತಣ್ಣನೆಯ ಹೊಳೆಗಳಲ್ಲಿ ಆಳುದ್ದ ಬೆಳೆಯುವವು. ಶ್ವಾಸಕೋಶವೇ ಇಲ್ಲದೆ ಚರ್ಮದಿಂದ ಉಸಿರಾಡುತ್ತ ಕಾಡಿನ ತರಗೆಲೆಯಡಿ ಇರುವವು. ಹಿಂಗಾಲೇ ಇಲ್ಲದೆ ಕೆಸರಿನಲ್ಲಿ ಹೊರಳುವವು. ಕಿವಿರನ್ನು ಕೊರಳಿಗೆ ಗರಿಯ ಹಾಗೆ ಕಟ್ಟಿಕೊಂಡು ಸಾಯುವ ತನಕ ಮರಿಯಾಗಿಯೇ ಉಳಿಯುವ ಮೆಕ್ಸಿಕೋದ ಒಂದು. ನಮ್ಮ ದೇಶದಲ್ಲಿ ಡಾರ್ಜಿಲಿಂಗಿನ ಕಡೆಯ ಬೆಟ್ಟದ ಹೊಂಡಗಳಲ್ಲಿ ಮಾತ್ರ ಉಂಟಂತೆ.

"ಎಂತ ಮಾರಾಯ್ತಿ, ಪವಾಯಿಯಲ್ಲಿ ಇಷ್ಟು ನೀರು ಉಂಟಲ್ಲ, ಇಲ್ಲಿ ಯಾಕಿಲ್ಲ?" ಎಂದು ಅಮ್ಮ ತೊಂಡೆಕಾಯಿ ಹೆಚ್ಚುತ್ತ ಕೇಳುತ್ತಿದ್ದಳು.

"ಅವಕ್ಕೆ ಇಲ್ಲಿ ಆಗುದಿಲ್ಲಮ್ಮ."

"ನಮಗೆ ಆಗ್ತದಾ?" ಎನ್ನುತ್ತಿದ್ದಳು ಅಮ್ಮ.

ಆದರೂ ನಾನು ಹುಡುಕುವುದನ್ನು ಬಿಟ್ಟಿರಲಿಲ್ಲ. ಬಿಲ್ಡಿಂಗಿನ ಹಿಂದೆ ಪಂಪ್‌ಹೌಸಿನ ಪಕ್ಕ ಪಾಚಿಗಟ್ಟಿದ ಗೋಡೆಯಿತ್ತು. ಅಲ್ಲಿ ಕಲ್ಲು ಎತ್ತಿದರೆ ಗೊದ್ದ, ಕಪ್ಪೆ, ಹೊಳೆಯುವ ಹಾವುರಾಣಿ. ಹಾವುರಾಣಿ ಕಂಡಾಗಲೆಲ್ಲ ಒಂದು ಕ್ಷಣ ಎದೆ ಹಾರುತ್ತಿತ್ತು. ಬೆರಳು ಎಣಿಸಿದ ಮೇಲೆ ಮತ್ತೆ ಒಬ್ಬಳೇ ಆಗುತ್ತಿದ್ದೆ.

ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ಮುಂದೂಡಿದರೆ ಅಪಾಯ ಎಂದು ಡಾಕ್ಟರು ಹೇಳಿದ್ದರು. ದಿನವೂ ನಿಶ್ಚಯವಾಗಿತ್ತು. ಆ ವಾರವೇ ಒಂದು ಸಂಜೆ, ಅಡುಗೆಮನೆಯ ಮೇಲಿನ ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸುವಾಗ, ಅಮ್ಮನ ನಡುನೆತ್ತಿಗೆ ಹಲ್ಲಿ ಬಿತ್ತು.

ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಹಲ್ಲಿ ಭುಜಕ್ಕೆ ಬಿದ್ದರೆ ಒಂದು ಫಲ, ಕಾಲಿಗೆ ಬಿದ್ದರೆ ಒಂದು ಫಲ, ತಲೆಗೆ ಬಿದ್ದರೆ ಮಾತ್ರ ಕೇಳುವುದೇ ಬೇಡ. ಅಮ್ಮ ಭರಣಿಯನ್ನು ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳು. ತಲೆಗೆ ಸ್ನಾನ ಮಾಡಿದಳು, ದೀಪ ಹಚ್ಚಿದಳು, ಅಪ್ಪನಿಗೆ ಫೋನು ಮಾಡಿದಳು. ಫೋನಿನಲ್ಲಿ ಅಪ್ಪ ನಕ್ಕು, "ಹಲ್ಲಿಗೆ ಕಾಲು ಜಾರಿತು, ಅದಕ್ಕೆ ನೀನ್ಯಾಕೆ ಹೆದರುದು?" ಎಂದರು. ಅಮ್ಮ ಫೋನಿಟ್ಟು, "ನಾನು ಆಸ್ಪತ್ರೆಗೆ ಹೋಗುದಿಲ್ಲ. ಹೋದರೆ ವಾಪಸು ಬರ್ಲಿಕ್ಕಿಲ್ಲ" ಎಂದಳು. ಅವಳು ಹಟಕ್ಕೆ ಬಿದ್ದರೆ ದೇವರೂ ಅಲುಗಿಸಲಾರ ಎಂದು ನನಗೆ ಗೊತ್ತಿತ್ತು.

ತಕ್ಷಣ ಉಪಾಯವೊಂದು ಹೊಳೆಯಿತು. ಬಿದ್ದದ್ದು ಹಲ್ಲಿಯೇ ಅಲ್ಲದಿದ್ದರೆ? ಸಲಮಾಂಡರ್ ಬಿದ್ದರೆ ಯಾವ ಪಂಚಾಂಗದಲ್ಲೂ ಫಲವಿಲ್ಲ! ಸಿಂಕಿನ ಕೆಳಗೆ ಅಡಗಿದ್ದ ಅದನ್ನು ಗಾಜಿನ ಲೋಟದಲ್ಲಿ ಮುಚ್ಚಿ ಹಿಡಿದೆ. ಅಮ್ಮನೂ ಪಕ್ಕದಲ್ಲಿ ಬಗ್ಗಿ ಕೂತಳು. "ನೋಡು ಮಗಾ, ಸರಿಯಾಗಿ ನೋಡು," ಎಂದಳು. ಒಣ ಚರ್ಮ. ಸಣ್ಣ ಸಣ್ಣ ಹುರುಪೆ. ಗಾಜನ್ನು ಅವಚಿ ಹಿಡಿದ ಮುಂಗಾಲಿನಲ್ಲಿ ಐದು ಬೆರಳು. ಸುಳ್ಳು ಹೇಳಬಹುದಿತ್ತು, ಆದರೆ ಅಮ್ಮನೂ ನನ್ನ ಜೊತೆ ಎಣಿಸುತ್ತಿದ್ದಳು.

"ಹಲ್ಲಿಯೇ," ಎಂದಳು ಅವಳೇ.

ಕುರ್ಲಾದಲ್ಲಾಗಿದ್ದರೆ ಇದು ದೊಡ್ಡ ಸಂಗತಿಯೇ ಅಲ್ಲ. ಅಲ್ಲಿ ಮೂಲೆ ಕೋಣೆಯಲ್ಲಿ, ಕಂಚಿಯ ದೇವಸ್ಥಾನಕ್ಕೆ ಹೋಗಿ ಬಂಗಾರದ ಹಲ್ಲಿಯನ್ನು ಮುಟ್ಟಿ ಬಂದ ಅಜ್ಜಿಯೊಬ್ಬರಿದ್ದರು. ಮುಟ್ಟಿ ಬಂದವರನ್ನು ಮುಟ್ಟಿದರೆ ದೋಷ ಕಳೆಯಿತು. ಹಲ್ಲಿ ಬಿದ್ದವರೆಲ್ಲ ಓಡಿ ಹೋಗಿ ಆ ಅಜ್ಜಿಯ ಕೈ ಮುಟ್ಟುತ್ತಿದ್ದರು, ಅವರು ಬೈಯುತ್ತಲೇ ಕೈ ಕೊಡುತ್ತಿದ್ದರು. ಚಾಳು ಹೋದ ಮೇಲೆ ಅವರು ಎಲ್ಲಿ ಹೋದರೋ.

"ಇಲ್ಲಿ ಯಾರನ್ನು ಮುಟ್ಟುದು?" ಎಂದು ಅಮ್ಮ ಅತ್ತಳು.

ಮರುದಿನ ಅಮ್ಮ ಮಲಗಿದ್ದಾಗ ನಾನು ಬೆಲ್ ಬಾರಿಸುತ್ತ ಹೊರಟೆ. ನಮ್ಮ ಮಹಡಿಯಿಂದಲೇ ಶುರು. ಕಂಚಿಗೆ ಹೋಗಿದ್ದೀರಾ, ಬಂಗಾರದ ಹಲ್ಲಿಯನ್ನು ಮುಟ್ಟಿದ್ದೀರಾ ಎಂದು ನನಗೆ ಬರುವ ಹಿಂದಿಯಲ್ಲಿ ಕೇಳಿದೆ: "ಆಂಟಿ, ಆಪ್ ಕಭೀ ಕಾಂಚಿ ಗಯೇ ಹೋ ಕ್ಯಾ? ಸೋನೇ ಕಿ ಛಿಪ್ಕಲಿ ಕೋ ಹಾಥ್ ಲಗಾಯಾ ಹೈ?" ಎದುರು ಮನೆಯಾಕೆ ಜಾಲರಿ ಬಾಗಿಲಿನ ಒಳಗಿಂದಲೇ "ಕುಛ್ ನಹೀಂ ಚಾಹಿಯೇ," ಏನೂ ಬೇಡ, ಎಂದು ಬಾಗಿಲು ಮುಚ್ಚಿಕೊಂಡಳು. ಮೇಲಿನ ಮಹಡಿಯಲ್ಲಿ ಒಬ್ಬರು, ನಾನು ಗಣಪತಿ ಚಂದಾ ಕೇಳಲು ಬಂದಿದ್ದೇನೆಂದು ತಿಳಿದು ಸಾಹೇಬರು ಮನೆಯಲ್ಲಿಲ್ಲ ಎಂದರು. ಒಂದು ಮನೆಯಲ್ಲಿ ಹುಡುಗರಿಬ್ಬರು ಹೊಟ್ಟೆ ಹಿಡಿದು ನಕ್ಕರು.

ಕೊನೆಗೆ ಹನ್ನೆರಡನೇ ಮಹಡಿಯಲ್ಲಿ, ಹೊಸ್ತಿಲ ಮುಂದೆ ರಂಗೋಲಿಯಿದ್ದ ಒಂದು ಬಾಗಿಲು ಪೂರ್ತಿ ತೆರೆಯಿತು. ಬಾಬ್‌ಕಟ್ ಕೂದಲಿನ, ದಪ್ಪ ಕನ್ನಡಕದ ತಮಿಳು ಹೆಂಗಸು. ಆಫೀಸಿನಿಂದ ರಿಟೈರ್ ಆಗಿ ಒಬ್ಬರೇ ಇದ್ದರು, ಮದುವೆಯಾಗಿರಲಿಲ್ಲ. ಆಮೇಲೆ ನಾನು ಅವರನ್ನು ಮಾಮಿ ಎಂದೇ ಕರೆದೆ. ನನ್ನ ಪ್ರಶ್ನೆ ಕೇಳಿ ಅವರು ನಗಲಿಲ್ಲ. ಒಳಗೆ ಕೂರಿಸಿ, ಮುರುಕ್ಕು ಕೊಟ್ಟು, ಪೂರ್ತಿ ಕತೆ ಕೇಳಿದರು. ಸಲಮಾಂಡರ್ ಅಂದರೇನೆಂದು ಕೇಳಿದರು. ನಾನು ಹೇಳಿದೆ, ಹೇಳುತ್ತಲೇ ಹೋದೆ. ಆ ಮನೆತನಗಳ ಬಗ್ಗೆ ಅಮ್ಮನ ಹೊರತು ಯಾರೂ ನನ್ನನ್ನು ಕೇಳಿರಲಿಲ್ಲ. ಅವರ ಹಿಂದಿಯನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ನಾನು ಮುಟ್ಟಿದ್ದೇನೆ. ಚಿಕ್ಕವಳಿದ್ದಾಗ. ನಡಿ, ನಿನ್ನ ಅಮ್ಮನ ಹತ್ತಿರ ಹೋಗೋಣ," ಎಂದರು.

ಸೀರೆ ಬದಲಿಸಿ, ಕುಂಕುಮ ಇಟ್ಟುಕೊಂಡು ಇಳಿದು ಬಂದರು. ಅಮ್ಮನ ಎರಡೂ ಕೈ ಹಿಡಿದು ಕೂತರು. ಅಮ್ಮನ ಹಿಂದಿ ಹರಕು ಮುರುಕು, ಮಾಮಿಗೆ ಕನ್ನಡ ಒಂದಕ್ಷರ ಬಾರದು. ಆದರೂ ಕತ್ತಲಾಗುವ ತನಕ ಇಬ್ಬರೂ ಮಾತಾಡಿದರು. ಅಮ್ಮ ಆಸ್ಪತ್ರೆಗೆ ಹೋಗಲು ಒಪ್ಪಿದಳು.

ಅಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನ ನಾನು ಮಾಮಿಯ ಮನೆಯಲ್ಲಿದ್ದೆ. ಆಪರೇಷನ್ ಸರಿಯಾಗಿ ಆಯಿತು ಎಂದು ಅಪ್ಪನ ಫೋನು ಬಂದ ಮಧ್ಯಾಹ್ನ, ಮೊಸರನ್ನ ಉಣ್ಣುತ್ತ ನಾನು ಕೇಳಿದೆ: "ಮಾಮಿ, ಕಂಚಿಯ ಹಲ್ಲಿಗೆ ಮುಂಗಾಲಿನಲ್ಲಿ ಎಷ್ಟು ಬೆರಳು?"

ಮಾಮಿ ಸ್ವಲ್ಪ ಯೋಚಿಸಿದರು. "ನಾಲ್ಕು."

ನಾನು ಅವರ ಮುಖವನ್ನೇ ನೋಡಿದೆ. ಹಲ್ಲಿಗೆ ಐದು ಎಂದು ಆ ವಾರ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವರಿಗೂ ಅರ್ಥವಾಯಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ನಾನು ಹುಟ್ಟಿದ್ದು ಇಲ್ಲೇ, ಮಾಟುಂಗದಲ್ಲಿ. ಕಂಚಿಯನ್ನು ಈವರೆಗೂ ನೋಡಿಲ್ಲ," ಎಂದರು. ಆಮೇಲೆ ಮೆಲ್ಲಗೆ, "ಎಷ್ಟೋ ದಿನಗಳ ಮೇಲೆ ಬೆಲ್ ಆಗಿತ್ತು ಕಣೇ. ಇಲ್ಲ ಅಂದಿದ್ದರೆ ನೀನು ಮುಂದಿನ ಬಾಗಿಲಿಗೆ ಹೋಗುತ್ತಿದ್ದೆ."

ಅಮ್ಮನಿಗೆ ನಾನು ಹೇಳಲಿಲ್ಲ. ನಾವು ಆ ಫ್ಲ್ಯಾಟಿನಲ್ಲಿ ಇದ್ದಷ್ಟು ಕಾಲ ಶುಕ್ರವಾರದ ಪಾಯಸ ಹನ್ನೆರಡನೇ ಮಹಡಿಗೆ ಹೋಗುತ್ತಿತ್ತು, ಪಾತ್ರೆ ಖಾಲಿ ಬರುತ್ತಿರಲಿಲ್ಲ. ಧಣಿಗಳು ಫ್ಲ್ಯಾಟ್ ಮಾರಿದಾಗ ನಾವು ವಡಾಲಕ್ಕೆ ಬಂದೆವು. ಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಒಂದು ದಿನ ಆ ನಂಬರೇ ಇರಲಿಲ್ಲ. ಅಪ್ಪ ಹೋದರು, ಕಳೆದ ವರ್ಷ ಅಮ್ಮನೂ ಹೋದಳು. ಕಡೆಯವರೆಗೂ ಮಾಮಿಯ ಕೈಗುಣವನ್ನೇ ಹೊಗಳುತ್ತಿದ್ದಳು.

ಈಗ ವಡಾಲದ ಮನೆಯಲ್ಲಿ ನಾನೊಬ್ಬಳೇ. ಬೆಲ್ ಆಗುವುದು ಪಾರ್ಸೆಲ್ ಬಂದಾಗ, ನಾನು ಬಾಗಿಲಿಗೆ ಬರುವಷ್ಟರಲ್ಲಿ ಲಿಫ್ಟು ಇಳಿದಿರುತ್ತದೆ. ಕಂಚಿಗೆ ನಾನೂ ಹೋಗಿಲ್ಲ. ಆದರೆ ಯಾರಾದರೂ ಬಂದು ಕೇಳಿದರೆ, ಹೌದು, ಮುಟ್ಟಿದ್ದೇನೆ ಎಂದೇ ಹೇಳುವವಳು. ಕೇಳುವವರು ಬರಬೇಕಷ್ಟೆ.