ಗುರುಗಳ ಮಾತು, ಹಮ್ದೂನನ ಗಂಟಲು

ಬಾಗ್ದಾದಿನಲ್ಲಿ ಆಗಷ್ಟೇ ಬೆಳಗಿನ ನಮಾಜು ಮುಗಿದಿದೆ. ದಜ್ಲಾ ನದಿಯಲ್ಲಿ ಮೊಣಕಾಲುದ್ದ ನೀರಿಗಿಳಿದ ಹಮ್ದೂನ್, "ಎಳೇ ಸೌತೆಕಾಯೀ!" ಎಂದು ಕೂಗುತ್ತಾನೆ. ಆಚೆ ದಡದಲ್ಲಿ ಮಲಗಿದ್ದ ದೋಣಿಯವನು ಎದ್ದು, "ನಿನ್ ಬಾಯಿಗ್ ಮಣ್ಣು ಹಾಕ!" ಎನ್ನುತ್ತಾನೆ.

"ಬೈಗುಳ ಬಂತಲ್ಲ, ಗಂಟಲು ಸರಿಯಾಗಿದೆ," ಎಂದು ಹಮ್ದೂನ್ ದಡ ಹತ್ತುತ್ತಾನೆ.

ವಾರವೆಲ್ಲ ಸೌತೆಕಾಯಿ ಮಾರುವ ಇವನಿಗೆ ಶುಕ್ರವಾರ ಬೇರೆಯೇ ಕೆಲಸ. ಮುಹಲ್ಲಬ್ ಗುರುಗಳ ಪ್ರವಚನಕ್ಕೆ ಊರೇ ನೆರೆಯುತ್ತದೆ, ಗುರುಗಳ ದನಿಯೋ ಸೊಳ್ಳೆಯದು. ಹಮ್ದೂನ್ ಜನರ ನಡುವೆ ಕಲ್ಲು ಹತ್ತಿ ನಿಂತು, ಅವರ ಒಂದೊಂದು ಮಾತನ್ನೂ ಹಿಂದಿನ ಸಾಲುಗಳಿಗೆ ಕೂಗಿ ದಾಟಿಸುತ್ತಾನೆ. "ಬಂದದ್ದನ್ನ ಬಂದ ಹಾಗೇ ದಾಟಿಸೋದು. ಅರ್ಥ ತೂಗೋಕೆ ನಾನ್ಯಾರು?"

ಈ ನಿಷ್ಠೆಯೇ ಕಳೆದ ತಿಂಗಳು ಅವನ ಕೆಲಸಕ್ಕೆ ಕುತ್ತು ತಂದಿತು. ಗೋರಿಯೊಳಗಿನ ಕತ್ತಲೆಯ ವರ್ಣನೆ ನಡೆದಿತ್ತು. ಅಷ್ಟರಲ್ಲಿ ಗುರುಗಳ ನಿಲುವಂಗಿಯ ತೋಳಿಗೆ ಕಡಜವೊಂದು ನುಗ್ಗಿತು.

"ಅಯ್ಯೋ, ಒಳಗೆ ಹೊಕ್ತು!" ಎಂದರು ಗುರುಗಳು.

"ಅಯ್ಯೋ, ಒಳಗೆ ಹೊಕ್ತು!" ಎಂದು ಹಮ್ದೂನ್ ಮೊಳಗಿದ.

"ಕಚ್ತು! ಸತ್ತೆ!"

"ಕಚ್ತು! ಸತ್ತೆ!"

ಮುಂದಿನ ಸಾಲು ಹೊಟ್ಟೆ ಹಿಡಿದು ನಗುತ್ತಿದ್ದರೆ ಹಿಂದಿನ ಸಾಲು ಎದೆ ಬಡಿದುಕೊಂಡು ಅಳುತ್ತಿತ್ತು. ಮಾತು ಬಿಟ್ಟಿದ್ದ ಅತ್ತೆ ಸೊಸೆಯರಿಬ್ಬರು ತಬ್ಬಿಕೊಂಡರು. ತೂಕದಲ್ಲಿ ಮೋಸ ಮಾಡುತ್ತಿದ್ದ ಕಟುಕ ಎದ್ದು ನಿಂತು ತಪ್ಪೊಪ್ಪಿಕೊಂಡ.

"ಮುಚ್ಚೋ ಬಾಯಿ, ಹಮ್ದೂನ್!" ಗುರುಗಳು ಕಿರುಚಿದರು. ಅದೂ ಹಿಂದಕ್ಕೆ ದಾಟಿತು.

ಅವತ್ತೇ ಹಮ್ದೂನನಿಗೆ ಗೇಟ್‌ಪಾಸ್. ಮರುವಾರ ಗುರುಗಳ ಅಳಿಯ ಕಲ್ಲು ಹತ್ತಿದ. "ಏನಪ್ಪಾ, ಗುಟ್ಟು ಹೇಳ್ತಿದೀಯಾ?" ಎಂದು ಗೊಣಗುತ್ತ ಹಿಂದಿನ ಜನ ಸೇತುವೆ ದಾಟಿ ಇನ್ನೊಬ್ಬ ಪ್ರವಚನಕಾರನತ್ತ ನಡೆದೇಬಿಟ್ಟರು. ಗುರುಗಳು ವೇದಿಕೆಯಿಂದಿಳಿದು ಸೌತೆಕಾಯಿ ಬುಟ್ಟಿಯ ಬಳಿಗೇ ಬಂದರು.

"ಬಾರೋ ಮಾರಾಯ. ಕಡಜ ಬಂದಾಗ ಮಾತ್ರ ಸುಮ್ನಿರು."

"ಅದು ಕಡಜ ಅಂತ ನೀವು ಹೇಳ್ಲೇ ಇಲ್ವಲ್ಲ, ಗುರುಗಳೇ!"

ಗುರುಗಳೂ ನಕ್ಕುಬಿಟ್ಟರು. ಹಿಂದಿನ ಸಾಲಿನವರು ಈಗಲೂ ಆ 'ಒಳಗೆ ಹೊಕ್ತು' ಪ್ರವಚನ ಇನ್ನೊಮ್ಮೆ ಆಗಲೆಂದು ಕೇಳುತ್ತಾರಂತೆ.

ಹೆಂಡತಿ ಸುಕೈನಾಗೆ ಒಂದೇ ದೂರು: "ಮನೇಲೂ ನಾನ್ ಹೇಳಿದ್ದನ್ನೇ ತಿರುಗಿ ಕೂಗ್ತಾರೆ. ಬೀದಿಗೆಲ್ಲ ಗೊತ್ತಾಗುತ್ತೆ."

ಆಸೆಯೇನಾದರೂ ಇದೆಯೇ ಎಂದರೆ ಹಮ್ದೂನ್ ಹೇಳುತ್ತಾನೆ: "ಒಂದ್ ಶುಕ್ರವಾರ ಸುಮ್ನೆ ಕೂತು ಪ್ರವಚನ ಕೇಳ್ಬೇಕು. ಊರಿಗೆಲ್ಲ ಅಳು ಹಂಚಿದೀನಿ, ನಾನು ಅತ್ತೇ ಇಲ್ಲ. ಅತ್ರೆ ಗಂಟಲು ಕಟ್ಟುತ್ತಲ್ಲ."