ಎರ್ಸಿಲಿಯಾ ಒಲೆ ಆರಿಸಿದ ವಾರ

ಜೆನೋವಾ ಬಂದರಿನ ಹಿಂದಿದ್ದ ಮಾದ್ರೆ ದಿ ದಿಯೊ ಬೀದಿಗೆ ಬಿಸಿಲು ಬೀಳುತ್ತಿದ್ದದ್ದೇ ಅಪರೂಪ. ಎರಡೂ ಕಡೆ ಆರೇಳು ಅಂತಸ್ತಿನ ಹಳೇ ಮನೆಗಳು, ನಡುವೆ ಇಕ್ಕಟ್ಟಾದ ದಾರಿ. ಸೂರುಗಳಿಗಿಂತ ಎತ್ತರದಲ್ಲಿ, ಕರಿನ್ಯಾನೊ ಗುಡ್ಡದ ಸಿರಿವಂತರು ಓಡಾಡುವ ಕಲ್ಲುಸೇತುವೆ. ಅಲ್ಲಿಂದ ಬಗ್ಗಿ ನೋಡಿದವರಿಗೆ ಒಣಹಾಕಿದ ಬಟ್ಟೆ, ಹೊಗೆ ಕಾಣುತ್ತಿತ್ತು. ಆ ಹೊಗೆಯಲ್ಲಿ ಹೆಚ್ಚಿನದು ಎರ್ಸಿಲಿಯಾಳ ಒಲೆಯದು.

ಹಾಯಿಹಡಗಿನ ಕಾಲದಲ್ಲಿ ಅವಳಜ್ಜಿ ತಿಂಡಿ ಅಂಗಡಿ ಇಟ್ಟು ಹೊತ್ತಿಸಿದ ಒಲೆ ಅದು. ಕಡಲೆಹಿಟ್ಟಿಗೆ ನೀರು, ಎಣ್ಣೆ ಕಲಸಿ ಅಗಲವಾದ ತಾಮ್ರದ ತಟ್ಟೆಗೆ ಹುಯ್ದು ಒಳಗೆ ತಳ್ಳಿದರೆ ಫರಿನಾತ ಎಂಬ ರೊಟ್ಟಿ ಅಂಚಿನಲ್ಲಿ ಗರಿಗರಿಯಾಗಿ ಹೊರಬರುತ್ತಿತ್ತು. ಹಗ್ಗ ಹೊಸೆಯುವವರು, ಮೂಟೆ ಹೊರುವವರು, ಅರ್ಜೆಂಟೀನಾಕ್ಕೆ ಹಡಗು ಹತ್ತಲು ಕಾದು ಕೂತವರು, ಎಲ್ಲರೂ ಅಲ್ಲಿ ತಿಂದು ಹೋದವರೇ. ಎರಡನೇ ಮಹಾಯುದ್ಧದಲ್ಲಿ ಸಮುದ್ರದ ಕಡೆಯಿಂದ ಗುಂಡು ಬಿದ್ದು ಬೀದಿಯ ಎಷ್ಟೋ ಮನೆ ಬಾಯಿಬಿಟ್ಟುಕೊಂಡು ನಿಂತಾಗ, ಎರ್ಸಿಲಿಯಾ ಕಲ್ಲುಮಣ್ಣು ಗುಡಿಸಿ ಮಾರನೆಯ ದಿನವೇ ಒಲೆ ಹೊತ್ತಿಸಿದ್ದಳು. "ಎರ್ಸಿಲಿಯಾ ಹೊಗೆ ಎಬ್ಬಿಸಿದಾಳೆ ಅಂದ್ರೆ ನಾವಿನ್ನೂ ಸತ್ತಿಲ್ಲ ಕಣ್ರೋ" ಅಂತ ಜನ ಎದ್ದು ಬಂದಿದ್ದರು.

ಯುದ್ಧ ಮುಗಿದು ಕಾಲು ಶತಮಾನವಾದ ಮೇಲೆ, ನಗರಸಭೆಯವರು ಜನರನ್ನು ಬೇರೆ ಮನೆಗಳಿಗೆ ಸಾಗಿಸಿ, ಇಡೀ ಬೀದಿಯನ್ನೇ ಕೆಡವಿ ಕಚೇರಿ ಕಟ್ಟಡಗಳನ್ನು ಎಬ್ಬಿಸುತ್ತಾರೆಂಬ ಸುದ್ದಿ ಬಂತು. ಜನ ಎರ್ಸಿಲಿಯಾಳ ಅಂಗಡಿಯಲ್ಲೇ ಸೇರಿದರು.

"ಒಬ್ಬೊಬ್ಬರನ್ನ ಒಂದೊಂದು ಗುಡ್ಡಕ್ಕೆ ಬಿಸಾಕ್ತಾರೆ. ನನ್ನ ಮೀನು ಯಾರು ಕೊಳ್ತಾರೆ, ಅಲ್ಲಿರೋ ಮೇಕೆಗಳಾ?" ಅಂದ ಮೀನು ಮಾರುವ ಗಯೆತಾನೊ.

ಮೇಲಿನ ಮನೆಯ ವಿಧವೆ ನೋರ್ಮ ಇಸ್ತ್ರಿ ಮಾಡಿ ಬದುಕುವವಳು, ಎರ್ಸಿಲಿಯಾಳ ಬಾಲ್ಯದ ಗೆಳತಿ. ಅವಳು ಮೇಜು ಕುಟ್ಟಿದಳು: "ಎಲ್ಲರಿಗೂ ಒಂದೇ ಕಡೆ ಮನೆ ಕೊಡ್ಲಿ. ಅಲ್ಲೀತನಕ ಯಾರೂ ಕದಲಬಾರದು. ಏನೇ ಎರ್ಸಿಲಿಯಾ?"

"ಹೌದು. ಯಾರೂ ಕದಲೋದು ಬೇಡ" ಅಂದಳು ಎರ್ಸಿಲಿಯಾ. ಆಗ ಅವಳು ಅದನ್ನು ಮನಸ್ಸಿನಿಂದಲೇ ಅಂದಿದ್ದಳು.

ಆದರೆ ಒಳಕೋಣೆಯಲ್ಲಿ ಗಂಡ ಬಾಚೀಚ ಕೆಮ್ಮುತ್ತಿದ್ದ. ಬಂದರಿನಲ್ಲಿ ಕಲ್ಲಿದ್ದಲು ಇಳಿಸಿ ಇಳಿಸಿ ಶ್ವಾಸಕೋಶ ಹಾಳಾಗಿತ್ತು. ಈ ತೇವದ ಗೋಡೆಗಳ ನಡುವೆ ಇನ್ನೊಂದು ಚಳಿಗಾಲ ಕಳೆಯುವುದು ಕಷ್ಟ ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ನಗರಸಭೆಯ ಅಧಿಕಾರಿಯೊಬ್ಬರು ಅವಳನ್ನು ಕಚೇರಿಗೆ ಕರೆಸಿಕೊಂಡರು. ಗುಡ್ಡದ ಮೇಲೆ ಮನೆ, ದಕ್ಷಿಣಕ್ಕೆ ಬಾಲ್ಕನಿ, ದಿನವಿಡೀ ಬಿಸಿಲು. ಈ ವಾರವೇ ಒಲೆ ಆರಿಸಿ ಹೊರಡಬೇಕು, ಅಷ್ಟೇ.

"ನನ್ನನ್ನೇ ಯಾಕೆ ಮೊದಲು ಕರೆದ್ರಿ?"

"ನೀವು ಹೊರಟ್ರೆ ಉಳಿದವರೂ ಹೊರಡ್ತಾರೆ ಸಿನ್ಯೋರಾ" ಅಂದರು ಅಧಿಕಾರಿ, ಮುಚ್ಚುಮರೆಯಿಲ್ಲದೆ.

ಎಲ್ಲ ಅರ್ಥವಾಗಿಯೇ ಅವಳು ಒಪ್ಪಿಕೊಂಡಳು. ಒಲೆ ತಣ್ಣಗಿರುವುದನ್ನು ಕಂಡು ನೋರ್ಮ ಕೇಳಿದಾಗ, "ಒಳಗೆ ಬಿರುಕು ಬಿಟ್ಟಿದೆ ಕಣೇ, ಗಾರೆಯವನಿಗೆ ಹೇಳಿದೀನಿ" ಅಂದುಬಿಟ್ಟಳು. ನೋರ್ಮ ಅವಳ ಮುಖವನ್ನೇ ನೋಡಿ ಮೆಟ್ಟಿಲು ಹತ್ತಿದಳು. ಶನಿವಾರ ಬೆಳಿಗ್ಗೆ ಲಾರಿ ಬಂತು. ಬೀಳ್ಕೊಡಲು ಯಾರೂ ಬರಲಿಲ್ಲ. ಎಲ್ಲರೂ ಕೆಲಸಕ್ಕೆ ಹೋಗಿರಬೇಕು ಎಂದು ಎರ್ಸಿಲಿಯಾ ತನಗೆ ತಾನೇ ಹೇಳಿಕೊಂಡಳು.

ಆಮೇಲೆ ಬೀದಿ ನಿಲ್ಲಲಿಲ್ಲ. ಗಯೆತಾನೊ ಮಗಳ ಮನೆ ಸೇರಿದ. ನೋರ್ಮಳಿಗೆ ಊರಿನ ಇನ್ನೊಂದು ತುದಿಯಲ್ಲಿ ಒಂದು ಕೋಣೆ ಸಿಕ್ಕಿತು. ಯಂತ್ರಗಳು ಬಂದು ಗೋಡೆಗಳನ್ನು ಉರುಳಿಸಿದವು.

ಬಾಚೀಚ ಬಾಲ್ಕನಿಯಲ್ಲಿ ಕೂತು ಚೇತರಿಸಿಕೊಂಡ. ಡಬ್ಬಿಗಳಲ್ಲಿ ತುಳಸಿಯಂಥ ಬಸಿಲಿಕೊ ಬೆಳೆಸಿದ. "ಇಂಥಾ ಬಿಸಿಲು ಜೀವಮಾನದಲ್ಲೇ ಕಂಡಿರ್ಲಿಲ್ಲ ಕಣೇ" ಎಂದು ಅವನು ಹಿಗ್ಗಿದಾಗಲೆಲ್ಲ ಎರ್ಸಿಲಿಯಾ ಏನೋ ಕೆಲಸ ನೆನಪಾದವಳಂತೆ ಒಳಗೆ ಹೋಗುತ್ತಿದ್ದಳು. ಆ ಮನೆ ಯಾವ ಷರತ್ತಿನ ಮೇಲೆ ಸಿಕ್ಕಿತೆಂದು ಅವನಿಗೆ ಹೇಳಲಿಲ್ಲ. ಒಂಬತ್ತು ವರ್ಷ ಸುಖವಾಗಿದ್ದು ಅವನು ತೀರಿಕೊಂಡ.

ಅವನನ್ನು ಮಣ್ಣು ಮಾಡಿದ ತಿಂಗಳಲ್ಲೇ ಅವಳು ಬಸ್ಸು ಬದಲಾಯಿಸುತ್ತ ನೋರ್ಮಳನ್ನು ಹುಡುಕಿಕೊಂಡು ಹೋದಳು. ನೋರ್ಮಳ ಬೆರಳುಗಳು ಸೊಟ್ಟಗಾಗಿದ್ದವು, ಇಸ್ತ್ರಿಪೆಟ್ಟಿಗೆ ಹಿಡಿಯಲಾಗುತ್ತಿರಲಿಲ್ಲ. ಆ ಕಟ್ಟಡದಲ್ಲಿ ಅವಳ ಹೆಸರು ಗೊತ್ತಿದ್ದವರೂ ಕಡಿಮೆ.

"ಬಿಸಿಲು ಬಾಚೀಚನಿಗೆ ಒಗ್ಗಿತಾ?" ನೋರ್ಮ ಮೊದಲು ಕೇಳಿದ್ದು ಅದನ್ನೇ.

"ಒಗ್ಗಿತು. ನೋರ್ಮ, ಆವತ್ತು ಒಲೆ ಬಿರುಕು ಬಿಟ್ಟಿರಲಿಲ್ಲ..."

"ಗೊತ್ತು ಬಿಡೇ. ನೀನು ಆ ಕಚೇರಿ ಮೆಟ್ಟಿಲು ಇಳಿಯೋದನ್ನ ಗಯೆತಾನೊ ನೋಡಿದ್ದ. ಇಡೀ ಬೀದಿಗೇ ಗೊತ್ತಿತ್ತು. ಮತ್ಯಾಕೆ ಯಾರೂ ಬರಲಿಲ್ಲ ಅಂದ್ಕೊಂಡೆ?"

ಎರ್ಸಿಲಿಯಾ ಮೇಜಿನ ಮೇಲಿದ್ದ ಎಂಜಲು ಲೋಟಗಳನ್ನು ಒಟ್ಟು ಮಾಡತೊಡಗಿದಳು.

"ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಹೋಗ್ತಿದ್ದೆ" ಅಂದಳು ನೋರ್ಮ. "ಗಂಡನ್ನ ಸಾಯೋಕೆ ಬಿಡೋಕಾಗುತ್ತಾ? ಆದ್ರೆ ನಾನಾಗಿದ್ರೆ ನಿನಗೆ ಹೇಳಿ ಹೋಗ್ತಿದ್ದೆ."

ಕ್ಷಮಿಸು ಅನ್ನಲು ಬಾಯಿ ತೆರೆದ ಎರ್ಸಿಲಿಯಾಳಿಗೆ ಆ ಮಾತು ತೀರಾ ಚಿಕ್ಕದೆನ್ನಿಸಿತು. ಎದ್ದು ಪಾತ್ರೆ ತೊಳೆದಳು. "ಗುರುವಾರ ಬರ್ಲಾ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು.

"ಬಾ. ಬೇಡ ಅಂದೋರ್ಯಾರು?"

ಗುರುವಾರ ಗುರುವಾರ ಅವಳು ಹೋದಳು. ಗೆಳತಿಯ ತಲೆ ಬಾಚಿದಳು, ಅಡಿಗೆ ಮಾಡಿಟ್ಟಳು. ಇಬ್ಬರೂ ಬೆಲೆಯೇರಿಕೆಯನ್ನೂ ಪಕ್ಕದ ಮನೆಯವರನ್ನೂ ಬೈದುಕೊಂಡು ನಕ್ಕರು. ಆದರೆ ಕ್ಷಮಿಸಿದೆ ಎಂದು ನೋರ್ಮ ಒಂದು ಸಲವೂ ಅನ್ನಲಿಲ್ಲ; ಕೇಳುವ ಧೈರ್ಯ ಎರ್ಸಿಲಿಯಾಳಿಗೂ ಬರಲಿಲ್ಲ. ಹಾಗೇ ನಾಲ್ಕು ಚಳಿಗಾಲ ಕಳೆದು, ನೋರ್ಮ ಅವಳ ಕೈಯಿಂದಲೇ ಸಾರು ಕುಡಿದು ಕಣ್ಣು ಮುಚ್ಚಿದಳು.