ಮೀನು ತೋರಿಸುವ ಚೆಂಡು

ಫೋನಿನಲ್ಲಿ ಒಂದು ವಸ್ತುವನ್ನು ಒಮ್ಮೆ ನೋಡಿದರೆ ಸಾಕು, ಅದು ಜನ್ಮವಿಡೀ ಬೆನ್ನು ಬಿಡುವುದಿಲ್ಲ. ನಿಮಗೂ ಅನುಭವವಿರಬಹುದು. ಇವತ್ತು ಬೆಳಿಗ್ಗೆ ನಾನು ದೋಸೆ ಕಾವಲಿ ಹುಡುಕುತ್ತಿದ್ದರೆ ನಡುವೆ ಮೀನು ತೋರಿಸುವ ಸೋನಾರ್ ಯಂತ್ರದ ಜಾಹೀರಾತು ತೂರಿಕೊಂಡು ಬಂತು. ನಮ್ಮವರು ಇಣುಕಿ ನೋಡಿ, "ಹೋ, ನಿನ್ನ ಹಳೇ ನೆಂಟ್ರು ಬಂದ್ರಲ" ಎಂದು ನಕ್ಕರು. ಕಾವಲಿ ಅಲ್ಲೇ ಉಳಿಯಿತು. ನನಗೆ ಜುಬೇದಕ್ಕನ ಮಗಳ ಸಂಬಂಧದ ಕಥೆ ನೆನಪಾಯಿತು.

ಕೊಪ್ಪದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕಂಪ್ಯೂಟರ್ ಇದೆಯೆಂಬ ಒಂದೇ ಕಾರಣಕ್ಕೆ ಜನ ನನಗೆ ಎಲ್ಲವೂ ಗೊತ್ತೆಂದು ನಂಬಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಪಕ್ಕದ ಬಳೆ ಅಂಗಡಿ ಜುಬೇದಕ್ಕನದು. ಭಾನುವಾರ ಇಬ್ಬರೂ ಅಂಗಡಿ ಮುಚ್ಚಿ, ನರಸಿಂಹರಾಜಪುರದ ಹಿನ್ನೀರಿಗೆ ಗಾಳ ಹಿಡಿದು ಹೋಗುವುದು ನಮ್ಮ ಹಳೆಯ ಚಾಳಿ. ಮೀನು ಸಿಕ್ಕಿದ್ದಕ್ಕಿಂತ ಊರ ಸುದ್ದಿ ಸಿಕ್ಕಿದ್ದೇ ಹೆಚ್ಚು. ಜುಬೇದಕ್ಕನ ಬಾಯಿ ನಿಂತರೆ ತಾನೆ ಮೀನು ಹತ್ತಿರ ಬರುವುದು?

ಆ ಬಾಯಿಯೇ ಒಂದು ದಿನ ಎಡವಟ್ಟು ಮಾಡಿತು. ಮಗಳು ಶಬನಮ್‌ಳನ್ನು ನೋಡಲು ನರಸಿಂಹರಾಜಪುರದಿಂದ ಹುಡುಗನ ತಾಯಿ ಖೈರುನ್ನಿಸಾ ಬಂದಿದ್ದರು. ಹುಡುಗ ಹುಡುಗಿ ಆಗಲೇ ಒಪ್ಪಿಯಾಗಿತ್ತು, ತಾಯಿಯ ಒಪ್ಪಿಗೆಯೊಂದೇ ಬಾಕಿ. ಆಕೆ ನಗುವ ಪೈಕಿಯಲ್ಲ. ಬಡಿಸಿದ ಮೀನನ್ನು ಚೂರು ಮುರಿದು, "ಐಸಿನ ಮೀನು" ಎಂದು ತಟ್ಟೆಯ ಅಂಚಿಗೆ ಸರಿಸಿದರು. ಜುಬೇದಕ್ಕನಿಗೆ ಎಲ್ಲಿತ್ತೋ ರೋಷ. "ಬರೋ ಭಾನುವಾರ ಹಿನ್ನೀರಿಗೆ ಬನ್ನಿ ಆಪಾ, ನಿಮ್ಮ ಕಣ್ಣೆದುರೇ ದೊಡ್ಡ ಕಾಟ್ಲಾ ಹಿಡಿದು ತಿನ್ನಿಸ್ತೇನೆ" ಎಂದುಬಿಟ್ಟರು. ಶಬನಮ್ ಅಡುಗೆಮನೆಯ ಬಾಗಿಲಲ್ಲಿ ಹಣೆ ಚಚ್ಚಿಕೊಂಡಳು.

ಮರುದಿನ ಜುಬೇದಕ್ಕ ನನ್ನ ಅಂಗಡಿಗೆ ಬಂದು ಕೂತರು. "ಎಂತ ಮಾಡೂದು ಮಾರಾಯ್ತಿ? ನಾನು ಜನ್ಮದಲ್ಲಿ ಕಾಟ್ಲಾ ಹಿಡಿದದ್ದುಂಟಾ? ನಿನ್ನ ಕಂಪ್ಯೂಟರಲ್ಲಿ ಎಂತಾದ್ರೂ ಉಪಾಯ ಉಂಟಾ ನೋಡು."

ನೋಡಿದೆವು. ಉಪಾಯಗಳು ಬೇಕಾದಷ್ಟಿದ್ದವು. ಒಂದಕ್ಕೆ ದೋಣಿ ಬೇಕು, ದೋಣಿಗೊಂದು ಬ್ಯಾಟರಿ ಬೇಕು. ಇನ್ನೊಂದರ ಪರದೆ ನಮ್ಮ ಟಿವಿಗಿಂತ ಚೆನ್ನಾಗಿತ್ತು. ಕೊನೆಗೆ ಮನಸ್ಸಿಗೆ ಬಂದದ್ದು ಕಿತ್ತಳೆಯಷ್ಟು ದಪ್ಪದ ಒಂದು ಹಳದಿ ಚೆಂಡು. ದಾರ ಕಟ್ಟಿ ನೀರಿಗೆಸೆದರೆ ತೇಲುತ್ತದೆ, ಕೆಳಗೆ ಶಬ್ದ ಕಳಿಸಿ ಅದು ತಿರುಗಿ ಬಂದದ್ದನ್ನು ಫೋನಿನಲ್ಲಿ ಚಿತ್ರ ಬಿಡಿಸಿ ತೋರಿಸುತ್ತದೆ. "ಇದೇ ಇರ್ಲಿ. ಬಣ್ಣ ಚೆಂದ ಉಂಟು" ಎಂದರು ಬಳೆ ಅಂಗಡಿಯ ಜುಬೇದಕ್ಕ.

ಚೆಂಡು ಬಂದ ದಿನವೇ ನಮ್ಮ ಮನೆಯ ಬಾವಿಗೆ ಇಳಿಸಿದೆವು. ಕಪ್ಪೆಯೂ ಇಲ್ಲದ ಆ ಬಾವಿಯಲ್ಲಿ ಪರದೆಯ ತುಂಬ ಮೀನೋ ಮೀನು! ಫೋನು ಕೀಂ ಕೀಂ ಎಂದು ಬಡಿದುಕೊಂಡಿತು. ಶಬ್ದ ಬಾವಿಯ ಗೋಡೆಗೆ ಬಡಿದು ಬಂದದ್ದನ್ನೆಲ್ಲ ಅದು ಮೀನೆಂದೇ ತಿಳಿಯುತ್ತಿತ್ತು. ಅದು ನಮಗೆ ಆಮೇಲೆ ತಿಳಿದದ್ದು. ಅಷ್ಟರಲ್ಲಿ ನಮ್ಮತ್ತೆ, "ಇಷ್ಟು ದಿನ ಮೀನಿನ ನೀರಲ್ಲಿ ಕಾಫಿ ಕುಡಿಸಿದ್ಯನೇ?" ಎಂದು ಲೋಟ ಕೆಳಗಿಟ್ಟಾಗಿತ್ತು.

ರಾತ್ರಿ ಚೆಂಡಿನ ಜೊತೆ ಬಂದ ಪುಸ್ತಿಕೆ ಓದಿದೆ. ಮೀನಿನ ಗೊಂಬೆ ಬರುವ ಸೌಕರ್ಯವನ್ನು ಬಂದ್ ಮಾಡಬೇಕು, ಏಕೆಂದರೆ ಕಳೆ, ಗುಳ್ಳೆ, ಮರದ ಬೊಡ್ಡೆ ಎಲ್ಲದಕ್ಕೂ ಅದು ಅದೇ ಗೊಂಬೆ ಅಂಟಿಸುತ್ತದೆ. ನಿಜವಾದ ಮೀನು ಬಾಗಿದ ಹುಬ್ಬಿನ ಹಾಗೆ ಕಾಣುತ್ತದೆ. ಇನ್ನೊಂದು, ಪರದೆಯ ಬಲತುದಿ ಮಾತ್ರ ಈ ಕ್ಷಣದ್ದು. ಎಡಕ್ಕಿರುವುದೆಲ್ಲ ಆಗಲೇ ದಾಟಿ ಹೋದದ್ದು. ಇದನ್ನು ಜುಬೇದಕ್ಕನಿಗೆ ಹೇಳಿದೆ. ಅವರು ತಲೆಯಾಡಿಸಿದರು. ತಲೆಯಾಡಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಸಂಬಂಧವಿಲ್ಲವೆಂದು ನನಗೆ ಭಾನುವಾರ ಗೊತ್ತಾಯಿತು.

ಹಿನ್ನೀರಿನ ದಡದಲ್ಲಿ ಖೈರುನ್ನಿಸಾ ಕೊಡೆ ಹಿಡಿದು, ಚಾಪೆಯ ಮೇಲೆ ಪರೀಕ್ಷೆಯ ಮೇಲ್ವಿಚಾರಕರಂತೆ ಕೂತರು. ಜುಬೇದಕ್ಕ ಪರದೆಯ ಎಡಮೂಲೆಯ ಹುಬ್ಬನ್ನೇ ನೋಡುತ್ತ, ಎಂದೋ ಹೋದ ಮೀನಿಗೆ ಗಾಳ ಹಾಕುತ್ತಲೇ ಇದ್ದರು. ಬಿಸಿಲೇರಿತು. ಸಿಕ್ಕಿದ್ದು ಅಂಗೈಯಗಲದ ನಾಲ್ಕಾರು ಜಿಲೇಬಿ ಮೀನು. ಮಗಳ ಮುಖ ನೆನಪಾಗಿರಬೇಕು, ಜುಬೇದಕ್ಕನ ಮಾತೇ ನಿಂತುಹೋಯಿತು. ಅವರು ಸುಮ್ಮನಿರುವುದನ್ನು ನಾನು ನೋಡಿದ್ದು ಅದೇ ಮೊದಲು.

"ಕೊಡಿ ಇಲ್ಲಿ" ಎಂದು ಖೈರುನ್ನಿಸಾ ನನ್ನ ಕೈಯಿಂದ ಫೋನು ತೆಗೆದುಕೊಂಡರು. "ಇದು ಇದ್ದದ್ದು ತೋರಿಸ್ತದಾ, ಹೋದದ್ದು ತೋರಿಸ್ತದಾ?"

ನಾನು ಬಲತುದಿಯ ಗುಟ್ಟು ಹೇಳಿದೆ. ಆಕೆ ಕೇಳಿಸಿಕೊಂಡರು! ಚೆಂಡನ್ನು ಮೆಲ್ಲಗೆ ಎಳೆಯಲು ಹೇಳಿದರು. ಪರದೆಯಲ್ಲಿ ತಳ ಇದ್ದಕ್ಕಿದ್ದಂತೆ ಕುಸಿಯಿತು. ಕೆಳಗೊಂದು ಗುಂಡಿ, ಅದರ ಬಾಯಲ್ಲಿ ದಪ್ಪ ಹುಬ್ಬು. "ಅಲ್ಲಿಗೆ ಹಾಕು ಜುಬೇದಾ!"

"ಅಷ್ಟು ಗೊತ್ತಿದ್ರೆ ನೀವೇ ಹಾಕಿ" ಎಂದು ಜುಬೇದಕ್ಕ ಗಾಳವನ್ನೇ ಚಾಚಿದರು.

ಮುಗಿಯಿತು ಈ ಸಂಬಂಧ ಎಂದುಕೊಂಡೆ. ಖೈರುನ್ನಿಸಾ ಬುರ್ಖಾದ ತೋಳು ಮಡಚಿ ಎದ್ದರು, ಹಾಕಿದರು. ಕೋಲು ಬಿಲ್ಲಿನಂತೆ ಬಾಗಿತು. "ಯಾ ಅಲ್ಲಾ! ಹಿಡ್ಕೊಳೇ ನನ್ನ!" ಜುಬೇದಕ್ಕ ಓಡಿಹೋಗಿ ಸೊಂಟ ತಬ್ಬಿದರು, ನಾನು ಜುಬೇದಕ್ಕನನ್ನು ಹಿಡಿದೆ. ಒಂದು ಕಾಟ್ಲಾ ಮೇಲೆದ್ದು, ಬಾಲ ಬಡಿದು, ನಮ್ಮ ಮೂವರನ್ನೂ ಒಮ್ಮೆ ನೋಡಿದಂತೆ ಮಾಡಿ, ದಾರ ಕಡಿದುಕೊಂಡು ಹೋಯಿತು. ನಾವು ಕೆಸರಿನಲ್ಲಿ ಒಬ್ಬರ ಮೇಲೊಬ್ಬರು.

ಆಮೇಲೆ ನಗು ಶುರುವಾದದ್ದು ಕೆಳಗಿನಿಂದಲೋ ಮೇಲಿನಿಂದಲೋ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ಮೊದಲು ಮಾತಾಡಿದವರು ಖೈರುನ್ನಿಸಾ.

"ಮಗಳನ್ನು ಕೊಡ್ತೀಯಾ ಇಲ್ವಾ, ಈಗಲೇ ಹೇಳು. ಆ ಮೀನಿಗೆ ನಾನು ಇನ್ನೂ ಬರಬೇಕು. ಸುಮ್ಸುಮ್ನೆ ಬರ್ಲಿಕ್ಕಾಗ್ತದಾ? ಒಂದು ಸಂಬಂಧ ಅಂತ ಬೇಕಲ್ಲ."

ಶಬನಮ್ ಈಗ ನರಸಿಂಹರಾಜಪುರದ ಸೊಸೆ. ಆ ಕಾಟ್ಲಾ ಇನ್ನೂ ನೀರಿನಲ್ಲೇ ಇದೆ. ಇವತ್ತು ಆ ಜಾಹೀರಾತು ಮುಚ್ಚುವಷ್ಟರಲ್ಲಿ ಖೈರುನ್ನಿಸಾ ಫೋನು ಮಾಡಿದರು: "ನಾಳೆ ಬಾ. ಜುಬೇದಾಗೆ ಹೇಳ್ಬೇಡ, ಅವಳ ಗಲಾಟೆಗೆ ಮೀನು ಓಡ್ತದೆ." ಅದನ್ನಿಟ್ಟರೆ ಜುಬೇದಕ್ಕನ ಕರೆ: "ನಾಳೆ ನಾವಿಬ್ಬರೇ ಹೋಗುವ ಮಾರಾಯ್ತಿ. ಬೀಗಿತ್ತಿ ಬಂದ್ರೆ ನಂಗೆ ಗಾಳ ಮುಟ್ಲಿಕ್ಕೂ ಬಿಡೂದಿಲ್ಲ."

ಇಬ್ಬರಿಗೂ ಆಗಲಿ ಎಂದೆ. ಜಾಗವೂ ಒಂದೇ ಹೇಳಿದೆ, ಹೊತ್ತೂ ಒಂದೇ ಹೇಳಿದೆ. ಕಾವಲಿಯ ವಿಚಾರ ಮುಂದಿನ ವಾರಕ್ಕಿರಲಿ.